ಗಾಳಣಿ ಕೊಟ್ಟು ಅಕ್ಷರ ಕಲಿಸಲು ಹೋದದ್ದು

ಮೊನ್ನೆ ಇಚಲಕರಂಜಿಯ ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ನಾವು ಮೂವರಿದ್ದೆವು. ಏಣಿಯ ಮೇಲೆ ನಮ್ಮವರು, ಏಣಿಯ ಕಾಲು ಹಿಡಿದು ನಾನು, ಮತ್ತು ತನ್ನ ಮೈದುನನ ಮದುವೆಯ ಕಾರ್ಡು ಕೊಡಲು ಕೊರೋಚಿಯಿಂದ ಬಂದಿದ್ದ ಸುಮನ. ಸುಮನ ಕುರ್ಚಿಯ ಮೇಲೆ ಕುಳಿತು, ಎಡಕ್ಕೆ ಸರಿಸಿ, ಬಲಕ್ಕೆ ಸರಿಸಿ ಎಂದು ಸಲಹೆ ಕೊಡುವ ಕೆಲಸ ವಹಿಸಿಕೊಂಡಿದ್ದಳು. ನಮ್ಮವರು ಮೂಲೆಯಲ್ಲಿದ್ದ ಒಂದು ರಟ್ಟಿನ ಡಬ್ಬ ಎಳೆದರು. ಅದರ ತಳ ಯಾವತ್ತೋ ಇಲಿಯ ಪಾಲಾಗಿತ್ತು. ಚಹಾ ಸೋಸುವ ಗಾಳಣಿಗಳು ಒಂದರ ಹಿಂದೆ ಒಂದು ನನ್ನ ತಲೆಯ ಮೇಲೆ ಬಿದ್ದವು. ಸ್ಟೀಲಿನ ಜಾಳಿಗೆ, ಕೆಂಪು ಪ್ಲಾಸ್ಟಿಕ್ಕಿನ ಹಿಡಿಕೆ, ಎಲ್ಲವೂ ಹೊಸವು. ಆರಿಸಿ ಸಾಲಾಗಿ ಇಟ್ಟೆವು. ಹದಿನೇಳು.

"ಅಲ್ಲ, ಮನ್ಯಾಗ ನಾವ ಇಬ್ಬರು ಚಾ ಕುಡಿಯವರು," ಎಂದರು ನಮ್ಮವರು ಏಣಿಯ ಮೇಲಿಂದಲೇ. "ಹದಿನೇಳು ಗಾಳಣಿ ಯಾತಕ್ಕ?"

ಸುಮನ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು. "ಅವು ನಮ್ಮ ಸಾಲಿ ಗಾಳಣಿ ಅಲ್ಲೇನ್ರಿ ಅಕ್ಕಾರ? ಇನ್ನೂ ಉಳದಾವು?"

ಹೌದು, ಅವು ಶಾಲೆಯ ಗಾಳಣಿಗಳೇ. ನಮ್ಮವರಿಗೂ ಈ ಸಂಗತಿ ಗೊತ್ತಿತ್ತು, ಆದರೆ ಅವರು ಮರೆತಿದ್ದರು. ನಾನೂ ಮರೆಯಲಿ ಎಂದೇ ಅವನ್ನು ಅಟ್ಟಕ್ಕೆ ಹಾಕಿದ್ದೆ. ಈಗ ತಲೆಯ ಮೇಲೆಯೇ ಬಿದ್ದ ಮೇಲೆ ನಿಮಗೆ ಹೇಳಿಬಿಡುವುದೇ ನೆಟ್ಟಗೆ.

ನಾನು ಮರಾಠಿ ಶಾಲೆಯಲ್ಲಿ ಕಲಿತು, ಮರಾಠಿ ಶಾಲೆಯಲ್ಲೇ ಕಲಿಸಿ ನಿವೃತ್ತಳಾದವಳು. ಕನ್ನಡವನ್ನು ಯಾವ ಶಾಲೆಯಲ್ಲೂ ಕಲಿತಿಲ್ಲ. ಅದು ಕುರುಂದವಾಡದ ಅಜ್ಜ, ಅಜ್ಜಿಯ ಕಡೆಯಿಂದ ಬಂದ ಆಸ್ತಿ. ಅಜ್ಜನದು ಬೆಲ್ಲದ ವ್ಯಾಪಾರ. ರಜೆಗೆ ಹೋದರೆ ಆತ ಪಾಟಿಯ ಮೇಲೆ ಒಂದು ಕನ್ನಡ ಅಕ್ಷರ ಬರೆದು ಅದರ ಪಕ್ಕದಲ್ಲಿ ಬೆಲ್ಲದ ಚೂರು ಇಡುತ್ತಿದ್ದ. ಅಕ್ಷರ ಹೇಳಿದರೆ ಬೆಲ್ಲ ನಮ್ಮದು. ಅಜ್ಜ ನ್ಯಾಯವಂತ ವ್ಯಾಪಾರಿ, ಕಷ್ಟದ ಅಕ್ಷರಕ್ಕೆ ದೊಡ್ಡ ಚೂರು ಇಡುತ್ತಿದ್ದ. ನಾನೂ ವ್ಯಾಪಾರಿಯ ಮೊಮ್ಮಗಳು. ಒಂದೇ ವಾರದಲ್ಲಿ ಋ, ಙ, ಞ ಮೂರನ್ನೂ ಬಾಯಿಪಾಠ ಮಾಡಿ ಹೊಟ್ಟೆ ತುಂಬಿಸಿಕೊಂಡೆ. ಗ ಮಾತ್ರ ದೀಪಾವಳಿಯ ತನಕ ಬರಲಿಲ್ಲ. ಅದಕ್ಕೆ ಇಡುತ್ತಿದ್ದ ಚೂರು ಇರುವೆಗೂ ಸಾಲುವಂಥದ್ದಾಗಿರಲಿಲ್ಲ. ಞ ಅಕ್ಷರದಿಂದ ಶುರುವಾಗುವ ಒಂದೇ ಒಂದು ಮಾತನ್ನು ಈ ಅರವತ್ತೆರಡು ವರ್ಷಗಳಲ್ಲಿ ನಾನು ಯಾರ ಬಾಯಲ್ಲೂ ಕೇಳಿಲ್ಲ. ಆದರೂ ಅದು ಕಂಡಾಗಲೆಲ್ಲ ಬಾಯಲ್ಲಿ ನೀರೂರುತ್ತದೆ.

ಅಜ್ಜಿಯದು ಬೇರೆ ದಾರಿ. ಮಧ್ಯಾಹ್ನ ಊಟವಾದ ಮೇಲೆ ಆಕೆ ವ್ರತದ ಕತೆಗಳ ಪುಸ್ತಕ ತೆಗೆದು ಜೋರಾಗಿ ಓದುತ್ತಿದ್ದಳು. ರಾಣಿಯನ್ನು ಕಾಡಿಗೆ ಅಟ್ಟಿ ಆಯಿತು, ಹುಲಿ ಎದುರಿಗೆ ಬಂತು ಎನ್ನುವಷ್ಟರಲ್ಲಿ "ಕಣ್ಣ ಎಳ್ಯಾಕತ್ತಾವವ್ವ" ಎಂದು ಪುಸ್ತಕವನ್ನು ಹೊಟ್ಟೆಯ ಮೇಲೆ ಮಗುಚಿ ಮಲಗಿಬಿಡುತ್ತಿದ್ದಳು. ಹುಲಿಯನ್ನು ಹಾಗೆ ಬಿಟ್ಟು ನಾನು ಆಟಕ್ಕೆ ಹೋಗುವುದು ಹೇಗೆ? ಮೆಲ್ಲಗೆ ಪುಸ್ತಕ ಎಳೆದುಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ರಾಣಿಯನ್ನು ಕಾಡು ದಾಟಿಸುತ್ತಿದ್ದೆ. ಅಜ್ಜಿ ನಿದ್ದೆ ಮಾಡುತ್ತಿರಲಿಲ್ಲ, ಒಂದು ಕಣ್ಣು ಅರ್ಧ ತೆರೆದಿರುತ್ತಿತ್ತು ಎಂಬುದು ನನಗೆ ಮದುವೆಯಾದ ಮೇಲೆ ಅವ್ವನಿಂದ ಗೊತ್ತಾಯಿತು. ಇಬ್ಬರೂ ನನಗೆ ಕನ್ನಡ ಕಲಿಸಿದರು. ಅಜ್ಜನಿಗೆ ಬೆಲ್ಲ ಖರ್ಚಾಯಿತು, ಅಜ್ಜಿಗೆ ಏನೂ ಖರ್ಚಾಗಲಿಲ್ಲ. ಇದನ್ನು ನಾನು ಸರಿಯಾದ ಹೊತ್ತಿನಲ್ಲಿ ನೆನಪಿಸಿಕೊಂಡಿದ್ದರೆ ಗಾಳಣಿಗಳ ಕತೆ ಇರುತ್ತಲೇ ಇರಲಿಲ್ಲ.

ನಿವೃತ್ತಿಯಾದ ವರ್ಷ ದೊಡ್ಡವರಿಗೆ ಓದುಬರಹ ಕಲಿಸಲು ಸ್ವಯಂಸೇವಕರು ಬೇಕಾಗಿದ್ದಾರೆ ಎಂದು ತಿಳಿದು ಹೆಸರು ಕೊಟ್ಟೆ. ಮನೆಯಲ್ಲಿ ಕುಳಿತು ನಮ್ಮವರನ್ನು ತಿದ್ದುವುದಕ್ಕಿಂತ ಅದು ಸುಲಭದ ಕೆಲಸ ಎಂದುಕೊಂಡಿದ್ದೆ. ಕೊಲ್ಹಾಪುರದಲ್ಲಿ ಎರಡು ದಿನದ ತರಬೇತಿ. ಕಲಿಸಲು ಬಂದ ಸರ್ ನನ್ನ ಮಗನ ವಯಸ್ಸಿನವರು. ಮಕ್ಕಳನ್ನಾದರೆ ಬಾಗಿಲು ಹಾಕಿ ಕೂರಿಸಬಹುದು, ದೊಡ್ಡವರು ತಮ್ಮ ಕಾಲ ಮೇಲೆ ಬಂದು ತಮ್ಮ ಕಾಲ ಮೇಲೆ ಹೊರಟುಹೋಗುತ್ತಾರೆ ಎಂದು ಅವರು ಹೇಳಿದರು. ಹೋಗದ ಹಾಗೆ ಹಿಡಿದಿಡಲು ಎರಡು ಬೇಕು, ಕೈಗೊಂದು ಕಾಣಿಕೆ, ಮನಸ್ಸಿಗೊಂದು ಕೆಲಸ. ಆದರೆ ಅದಕ್ಕೂ ಮೊದಲು, ಬಂದವರು ಯಾಕೆ ಬಂದರು ಎಂದು ಕೇಳಿ ತಿಳಿದುಕೊಳ್ಳಬೇಕು. ನಾನು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡು ಕಾಣಿಕೆಯ ಕೆಳಗೆ ಎರಡು ಗೆರೆ ಎಳೆದೆ.

ತರಗತಿ ಕೊರೋಚಿಯಲ್ಲಿ. ಮಗ್ಗದ ಶೆಡ್ಡಿನ ಹಿಂದಿನ ಒಂದು ಕೋಣೆಯನ್ನು ಮಾಲಕರು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಬರುವವರು ಕಾಂಡಿ ಸುತ್ತುವ ಹೆಂಗಸರು. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಬೆಳಗಿನಿಂದ ಸಂಜೆಯವರೆಗೆ ಯಂತ್ರದ ಮುಂದೆ ನಿಂತು ಅದನ್ನು ತುಂಬುವುದು ಅವರ ಕೆಲಸ. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಎರಡರಿಂದ ಮೂರರವರೆಗೆ, ನನ್ನ ಶಾಲೆ. ಆಡುವ ಮಾತು ಕನ್ನಡ, ಕಲಿಯುವ ಅಕ್ಷರ ಬಾಳಬೋಧ, ಅಂದರೆ ಮರಾಠಿಯ ದೇವನಾಗರಿ ಲಿಪಿ. ಗಡಿಯಂಚಿನ ನಮ್ಮ ಸೀಮೆಯಲ್ಲಿ ಇದು ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಗೋಡೆಯ ಆಚೆ ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ಬಡಿಯುತ್ತಿರುತ್ತವೆ. ಇಲ್ಲಿಯ ಜನ ಗಟ್ಟಿ ಮಾತಾಡುತ್ತಾರೆ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಮಗ್ಗದ ಪಕ್ಕದಲ್ಲಿ ಒಂದು ಸಂಸಾರ ಮಾಡಿ ನೋಡಲಿ. ಗುಟ್ಟು ಹೇಳುವುದಕ್ಕೂ ಕೂಗಲೇಬೇಕು. ಒಂದು ದಿನ ಸುಮನ ಪಕ್ಕದವಳ ಕಿವಿಯಲ್ಲಿ ತನ್ನ ಅತ್ತೆಯ ವಿಚಾರ ಕೂಗುತ್ತಿದ್ದಾಗ ಕರೆಂಟು ಹೋಯಿತು. ಮಗ್ಗಗಳು ಒಮ್ಮೆಲೇ ನಿಂತವು, ಸುಮನಳ ಬಾಯಿಗೆ ನಿಲ್ಲಲು ಅಷ್ಟು ತ್ರಾಣವಿರಲಿಲ್ಲ. "ಮುದಕಿ ಸಕ್ರಿ ಡಬ್ಬಿ ಹಾಸಿಗ್ಯಾಗ ಇಟಕೊಂಡು ಮಲಗತೈತಿ" ಎಂಬುದು ಕೊರೋಚಿಯ ಅರ್ಧ ಊರಿಗೆ ಕೇಳಿಸಿತು. ಅತ್ತೆ ಆಗ ಬಾಗಿಲಲ್ಲೇ ಇದ್ದಳು, ಸೊಸೆಗೆ ರೊಟ್ಟಿಯ ಗಂಟು ತಂದಿದ್ದಳು.

ಮೊದಲ ದಿನ ಸರ್ ಹೇಳಿದಂತೆ ಎಲ್ಲರನ್ನೂ ಯಾಕೆ ಬಂದಿರಿ ಎಂದು ಕೇಳಿದೆ. ಗಂಡ ಪೇಪರ್ ಓದಿ ಹೇಳುವುದರಲ್ಲಿ ಖರೆ ಎಷ್ಟು, ಸುಳ್ಳು ಎಷ್ಟು ನೋಡಬೇಕಾಗಿದೆ ಎಂದಳು ಸುಮನ. ಉಳಿದವರು ಸುಮ್ಮನೆ ಬಂದಿವಿ ಎಂದರು. ಕೊನೆಗೆ ಹಾಲವ್ವನ ಸರದಿ.

ಹಾಲವ್ವನಿಗೆ ಐವತ್ತರ ಹತ್ತಿರ. ತವರಿನವರು ಕುರಿ ಕಾಯುವವರು. ಗಂಡ ತೀರಿ ಒಂಬತ್ತು ವರ್ಷವಾಗಿತ್ತು, ಮೈದುನನ ಮನೆಯಲ್ಲಿ ಇದ್ದಳು. ಒಬ್ಬಳೇ ಮಗಳು ರೇಣುಕಾ, ಗಡಹಿಂಗ್ಲಜಕ್ಕೆ ಕೊಟ್ಟಿದ್ದರು. ವರ್ಷಗಟ್ಟಲೆ ಮಗ್ಗದ ಸದ್ದಿನಲ್ಲಿ ನಿಂತು ಹಾಲವ್ವನ ಕಿವಿ ಮಂದವಾಗಿತ್ತು. ಫೋನಿನಲ್ಲಿ ಮಾತು ತಿಳಿಯದು, ಸ್ಪೀಕರ್ ಹಾಕಬೇಕು. ಸ್ಪೀಕರ್ ಹಾಕಿದರೆ ಮನೆಯವರೆಲ್ಲ ಕೇಳುತ್ತಾರೆ. ಅದಕ್ಕೇ ಮಗಳು ಫೋನಿನ ಮೇಲೆ ಬರೆದು ಕಳಿಸುತ್ತಿದ್ದಳು, ಅದನ್ನು ಮೈದುನನ ಹೆಂಡತಿ ಶಾಂತವ್ವ ಓದಿ ಹೇಳುತ್ತಿದ್ದಳು. ಕೇಳುವವಳಿಗೆ ಕಿವಿ ಮಂದ, ಓದುವವಳಿಗೆ ಗಂಟಲು ದೊಡ್ಡದು.

"ಮಗಳು ಏನ ಬರದಾಳ ಅನ್ನೂದು ಓಣಿಗೆಲ್ಲಾ ಗೊತ್ತಾದ ಮ್ಯಾಲ ನನಗ ಗೊತ್ತಾಗತೈತ್ರಿ," ಎಂದಳು ಹಾಲವ್ವ. "ಆಕಿಗೂ ಅದು ಗೊತ್ತೈತಿ. ನಾಕು ವರ್ಷ ಆತು, ಆರಾಮ ಅದೇನಿ ಅನ್ನೂದು ಬಿಟ್ಟ ಮತ್ತೇನೂ ಬರದಿಲ್ಲ. ಯಾರಾದ್ರೂ ದಿನಾ ಆರಾಮ ಇರತಾರೇನ್ರಿ ಅಕ್ಕಾರ?"

ಇದನ್ನೂ ನಾನು ವಹಿಯಲ್ಲಿ ಬರೆದುಕೊಂಡೆ. ಕೆಳಗೆ ಗೆರೆ ಎಳೆಯಲಿಲ್ಲ.

ಹಾಲವ್ವ ಎಲ್ಲರಿಗಿಂತ ಬೇಗ ಕಲಿತಳು. ಉಳಿದವರಿಗೆ ಘ ಮತ್ತು ಧ, ಭ ಮತ್ತು ಮ ಕಲೆಸಿಹೋಗುತ್ತಿದ್ದವು, ಆಕೆಗೆ ಆಗುತ್ತಿರಲಿಲ್ಲ. ಹೇಗೆ ಎಂದು ಕೇಳಿದೆ. ನಿಮಗೆ ಕುರಿಯೆಲ್ಲ ಒಂದೇ ಥರ ಕಾಣುತ್ತವೆ, ನಮಗೆ ಒಂದೊಂದರ ಮಾರಿಯೂ ಬೇರೆ ಎಂದಳು. ಅಕ್ಷರಗಳಿಗೂ ಗುರುತು ಇಟ್ಟುಕೊಂಡಿದ್ದಳು. ಇದು ಕೊಂಬಿಂದು, ಇದು ಕುಂಟಿಂದು, ಇದು ಹಿಂದೆ ಉಳಿಯೂದು.

ಆದರೂ ಸಂಕ್ರಾಂತಿ ಹತ್ತಿರ ಬಂದಂತೆ ತರಗತಿ ಸೊರಗಿತು. ಹನ್ನೊಂದು ಮಂದಿ ಎಂಟಾದರು, ಎಂಟು ಆರಾದರು. ಬಿಟ್ಟವರು ದಾರಿಯಲ್ಲಿ ಸಿಕ್ಕರೆ ಮನೆಯಲ್ಲಿ ಭಾಳ ಕೆಲಸ ಎನ್ನುತ್ತಿದ್ದರು. ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ನಮ್ಮವರಿಗೆ ಗಡಹಿಂಗ್ಲಜಕ್ಕೆ ಬದಲಿಯಾಗಿದ್ದಾಗ, ನಲವತ್ತರ ಹರೆಯದಲ್ಲಿ, ನಾನೂ ಅಲ್ಲಿ ಹೊಲಿಗೆಯ ಕ್ಲಾಸಿಗೆ ಹೆಸರು ಹಚ್ಚಿದ್ದೆ. ಎಂಟನೆಯ ದಿನ ಕುಪ್ಪಸದ ಎರಡೂ ತೋಳನ್ನು ಒಂದೇ ಕೈಗೆ ಆಗುವ ಹಾಗೆ ಕತ್ತರಿಸಿದೆ. ಕಲಿಸುವಾಕೆ ಬಯ್ಯಲಿಲ್ಲ, ಬರೀ ಅದನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸಿದಳು. ಮರುದಿನದಿಂದ ನನಗೂ ಮನೆಯಲ್ಲಿ ಭಾಳ ಕೆಲಸ. ಆ ಹೊತ್ತಿಗೆ ಹೊರಟು ಹಿರಣ್ಯಕೇಶಿಯ ದಂಡೆಯ ಮೇಲೆ ಕುಳಿತು ಶೇಂಗಾ ತಿಂದು, ಕ್ಲಾಸು ಬಿಡುವ ವೇಳೆಗೆ ಮನೆಗೆ ಬರುತ್ತಿದ್ದೆ. ತಿಂಗಳ ಫೀ ಮುಗಿಯುವ ತನಕ ನಮ್ಮವರು ನನ್ನನ್ನು ಒಳ್ಳೆಯ ವಿದ್ಯಾರ್ಥಿನಿ ಎಂದೇ ತಿಳಿದಿದ್ದರು.

ಆಗ ವಹಿ ತೆರೆದು ಎರಡು ಗೆರೆ ಎಳೆದ ಮಾತನ್ನು ಓದಿದೆ. ಕೈಗೊಂದು ಕಾಣಿಕೆ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಮನೆಮನೆಯಲ್ಲೂ ಅರಿಷಿಣ ಕುಂಕುಮ. ಹೆಂಗಸರನ್ನು ಕರೆದು ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ಕೈಯಲ್ಲಿ ಒಂದು ಸಣ್ಣ ವಸ್ತು ಇಡುತ್ತಾರೆ. ಬಾಚಣಿಕೆ, ಸಾಬೂನಿನ ಡಬ್ಬಿ, ಬಟ್ಟಲು, ಏನಾದರೂ ನಡೆಯುತ್ತದೆ. ಅದಕ್ಕೆ ವಾಣ ಎನ್ನುತ್ತಾರೆ. ವಾಣಕ್ಕೆ ಕರೆದರೆ ಜ್ವರವಿದ್ದರೂ ಹೆಂಗಸರು ಬರುತ್ತಾರೆ. ಇದಕ್ಕಿಂತ ಒಳ್ಳೆಯ ಉಪಾಯ ಆ ಸರ್‌ಗೂ ಹೊಳೆದಿರಲಿಕ್ಕಿಲ್ಲ ಎಂದು ಹಿಗ್ಗಿ, ಕೊಲ್ಹಾಪುರದ ಪೇಟೆಗೆ ಹೋಗಿ ಐದು ಡಜನ್ ಗಾಳಣಿ ತಂದೆ. ವಾರವಿಡೀ ತಪ್ಪದೆ ಬಂದವರಿಗೆ ಶನಿವಾರ ವಾಣ ಎಂದು ಸಾರಿದೆ.

ಮನಸ್ಸಿಗೊಂದು ಕೆಲಸವೂ ಸಿಕ್ಕಿತು. ಗಂಡನ ಹೆಸರು ಸೇರಿಸಿ ಒಡಪು ಹೇಳುವುದು ನಮ್ಮ ಹೆಂಗಸರಿಗೆ ಹೊಸದಲ್ಲ. ಅದನ್ನೇ ಬರೆದು ಓದಿ ಎಂದೆ. ಗಂಡನ ಹೆಸರನ್ನು ಬರಿದೇ ಹೇಳಲು ನಾಚುವವರು ಒಡಪಿನಲ್ಲಿಟ್ಟು ಪಾಟಿಯ ತುಂಬ ಬರೆದರು. ಸುಮನ ಎದ್ದು ನಿಂತು ಓದಿದಳು:

"ಕಾಂಡಿಗಿ ನೂಲ ಸುತ್ತಿ ಸುತ್ತಿ ಕೈ ನೋಯ್ಸೇನಿ,
ಬಾಬುರಾಯರ ಹೆಸರ ಹೇಳಿ ಗಾಳಣಿ ಒಯ್ದೇನಿ."

ತರಗತಿ ಉಕ್ಕಿತು. ಬಿಟ್ಟವರು ತಿರುಗಿ ಬಂದರು, ಎಂದೂ ಬಾರದವರೂ ಬಂದರು. ಸುಮನ ತನ್ನ ನಾದಿನಿಯನ್ನು ಕರೆತಂದಳು. ಆಕೆ ಹತ್ತನೆಯ ಇಯತ್ತೆ ಪಾಸಾದವಳು, ಎರಡು ಶನಿವಾರ ಪಾಟಿ ಹಿಡಿದು ಅ ಆ ತಿದ್ದುತ್ತ ಕುಳಿತಿದ್ದಳು. ಮೂರನೆಯ ಶನಿವಾರದ ಹೊತ್ತಿಗೆ ಕೊರೋಚಿಯ ಮನೆಮನೆಗೂ ಮೂರು ಮೂರು ಗಾಳಣಿಯಾಗಿ, ಮುಂದಿನ ವಾರ ಚಹಾದ ಕಪ್ಪು ಬಸಿ ತನ್ನಿ ಎಂಬ ಬೇಡಿಕೆ ಬಂತು. ಸರ್‌ಗೆ ಫೋನು ಮಾಡಿ ನನ್ನ ಪ್ರತಾಪ ಹೇಳಿಕೊಂಡೆ. ಮುಂದಿನ ತರಬೇತಿಯಲ್ಲಿ ನೀವೇ ಮಾತಾಡಬೇಕು ಎಂದರು.

ಹಾಲವ್ವ ಮೊದಲ ಶನಿವಾರ ಬಾಗಿಲ ಬಳಿ ಕೊನೆಗೆ ಕುಳಿತಿದ್ದಳು. ಪಾಟಿ ಬರಿದಾಗಿತ್ತು. "ಹಾಲವ್ವ, ನೀನೂ ಒಂದು ಒಡಪು ಬರಿಯವ್ವ" ಎಂದೆ. ಆಕೆ ನಕ್ಕಳು. ನಾನು ಕುಂಕುಮದ ಕರಡಿಗೆ ಹಿಡಿದು ಆ ಸಾಲಿಗೆ ಬರುವಷ್ಟರಲ್ಲಿ ನೀರು ಕುಡಿಯಲು ಎದ್ದುಹೋದಳು. ಬಾಯಾರಿಕೆ ಇರಬೇಕು ಎಂದುಕೊಂಡೆ. ಎರಡನೆಯ ಶನಿವಾರ ಬರಲಿಲ್ಲ. ಆ ಮೇಲೆ ಉಳಿದ ದಿನಗಳಲ್ಲೂ ಬರಲಿಲ್ಲ. ಕಿವಿನೋವಿರಬಹುದು, ಕೆಲಸ ಹೆಚ್ಚಾಗಿರಬಹುದು ಎಂದು ನನ್ನಷ್ಟಕ್ಕೇ ಕಾರಣ ಹುಡುಕಿದೆ. ಬಾರದಿದ್ದರೂ ಆಕೆಯ ಪಾಲಿನ ಮೂರು ಗಾಳಣಿ ಎತ್ತಿಟ್ಟೆ. ಅಷ್ಟು ಒಳ್ಳೆಯ ವಿದ್ಯಾರ್ಥಿನಿಗೆ ಹಾಜರಿಯ ನಿಯಮ ಸಡಿಲಿಸಬಹುದು ಎಂಬ ಉದಾರ ಬುದ್ಧಿ ನನ್ನದು.

ಮೂರನೆಯ ಶನಿವಾರ ಕಳೆದ ಮೇಲೆ ಅವನ್ನು ಚೀಲದಲ್ಲಿ ಹಾಕಿಕೊಂಡು ಆಕೆಯ ಮನೆಗೆ ಹೋದೆ. ಹಾಲವ್ವ ಹೊಸ್ತಿಲ ಒಳಗೆ ನಿಂತಿದ್ದಳು. "ತಗೋಳವ್ವ, ನಿನ್ನ ವಾಣ" ಎಂದು ಗಾಳಣಿ ಮುಂದೆ ಹಿಡಿದೆ. ಆಕೆ ಕೈ ಚಾಚಲಿಲ್ಲ. ಒಳಗಿನಿಂದ ಶಾಂತವ್ವ ಬಂದು ನನ್ನ ಕೈ ನೋಡಿ, ಆಕೆಯ ಮುಖ ನೋಡಿ, ದನಿ ತಗ್ಗಿಸಿದಳು. ಅವಳ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಆಕಿ ಹೆಂಗ ತಗೋಬೇಕ್ರಿ ಅಕ್ಕಾರ?"

ಮುತ್ತೈದೆಯರಿಗಷ್ಟೇ ವಾಣ. ನನಗೆ ಗೊತ್ತಿರಲಿಲ್ಲವೆಂದಲ್ಲ. ಗಂಡ ತೀರಿ ಒಂಬತ್ತು ವರ್ಷ ಎಂದು ಹಾಲವ್ವನೇ ಹೇಳಿದ್ದಳು, ನಾನೇ ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ನಲವತ್ತು ವರ್ಷ ವಾಣ ಕೊಟ್ಟೂ ತಗೊಂಡೂ ಕೈ ರೂಢಿಯಾಗಿತ್ತು, ಕೈ ಮಾಡುತ್ತಿದ್ದುದನ್ನು ತಲೆ ನೋಡಿರಲಿಲ್ಲ. ಕಾಣಿಕೆಯೂ ಮುತ್ತೈದೆಯರದು, ಒಡಪೂ ಮುತ್ತೈದೆಯರದು. ಎಲ್ಲರನ್ನೂ ಹಿಡಿದಿಡಲು ಎರಡು ಹಗ್ಗ ಹೊಸೆದಿದ್ದೆ, ಎರಡೂ ಈಕೆಯನ್ನೇ ಹೊರಗೆ ದೂಡಿದ್ದವು.

ಇನ್ನು ವಾಣ ನಿಲ್ಲಿಸುತ್ತೇನೆ ಎಂದೆ. ನನ್ನ ಸಲುವಾಗಿ ಅವರಿಗೆ ಯಾಕೆ ತಪ್ಪಿಸುತ್ತೀರಿ ಎಂದಳು ಹಾಲವ್ವ. ಕುಂಕುಮವಿಲ್ಲದೆ ಬರೀ ಗಾಳಣಿ ತಗೋ ಎಂದೆ. ಮನೆಯಲ್ಲಿ ಗಾಳಣಿ ಇದೆ ಎಂದಳು. ಸಿಟ್ಟೇನೂ ಇರಲಿಲ್ಲ ಆಕೆಯ ಮಾತಿನಲ್ಲಿ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅಷ್ಟರಲ್ಲಿ ಒಳಗೆ ಹಾಲವ್ವನ ಫೋನು ಟಿಣ್ ಎಂದಿತು. ಶಾಂತವ್ವ ಹೋಗಿ ಎತ್ತಿಕೊಂಡು ತನ್ನ ಎಂದಿನ ದನಿಯಲ್ಲಿ ಓದಿದಳು. "ಅವ್ವಾ, ಆರಾಮ ಅದೇನಿ. ನೀವೆಲ್ಲಾ ಹೆಂಗದೀರಿ?" ಆ ಮೇಲೆ ತನ್ನ ಕಡೆಯಿಂದ, "ನೋಡ, ಸುಮ್ನ ಚಿಂತಿ ಮಾಡತಿ. ಆರಾಮ ಅದಾಳ ಆಕಿ" ಎಂದು ಸೇರಿಸಿದಳು. ಎದುರು ಮನೆಯ ಮುದುಕ ಕಟ್ಟೆಯ ಮೇಲಿಂದ ತಲೆಯಾಡಿಸಿದ, ಅವನಿಗೂ ಸಮಾಧಾನವಾಯಿತು.

ಹಾಲವ್ವ ಫೋನಿನ ಕಡೆಯೇ ನೋಡುತ್ತಿದ್ದಳು. ನಾನು, "ಸೋಮವಾರ ಬಾರವ್ವ, ಫೋನ್ ತಗೊಂಡ ಬಾ" ಎಂದಷ್ಟೇ ಹೇಳಿದೆ.

ಮನೆಗೆ ಬಂದು, ಹಾಜರಿ ಪುಸ್ತಕದಲ್ಲಿ ಹಾಲವ್ವ ಹೇಳಿ ಬರೆಸಿದ್ದ ನಂಬರಿಗೆ, ರೇಣುಕಾಳಿಗೆ ಫೋನು ಮಾಡಿದೆ. ನಾನು ಯಾರು ಎಂದು ಹೇಳಿ, ದಿನಾ ಮಧ್ಯಾಹ್ನ ಎರಡಕ್ಕೆ ಅವ್ವನಿಗೆ ಒಂದು ಸಾಲು ಬರೆದು ಕಳಿಸು, ಅವ್ವನೇ ಓದುತ್ತಾಳೆ ಎಂದೆ.

"ಶಾಂತಾ ಕಾಕಿ ಓದೂದಿಲ್ಲೇನ್ರಿ?"

"ಇಲ್ಲವ್ವ."

"ನೀವು?"

"ನಾನೂ ಓದೂದಿಲ್ಲ."

ಸೋಮವಾರ ತರಗತಿಯಲ್ಲಿ ವಾಣ ಮುಗಿಯಿತು ಎಂದು ಸಾರಿದೆ. ಸುಮನಳ ನಾದಿನಿ ಪಾಟಿ ಒರೆಸಿಟ್ಟು ಅಲ್ಲಿಯೇ ಎದ್ದಳು. ಬುಧವಾರದ ಹೊತ್ತಿಗೆ ಏಳು ಜನ ಉಳಿದರು. "ಹಂಗಾರ ನಾವು ಪುಕ್ಕಟ ಕಲೀಬೇಕೇನ್ರಿ?" ಎಂದಳು ಸುಮನ. ಅಂದರೂ ಎದ್ದುಹೋಗಲಿಲ್ಲ. ಹಾಲವ್ವ ಸೊಂಟಕ್ಕೆ ಫೋನು ಸಿಕ್ಕಿಸಿಕೊಂಡು ಬಂದಿದ್ದಳು.

ರೇಣುಕಾ ಕನ್ನಡ ಮಾತನ್ನೇ ಬಾಳಬೋಧದಲ್ಲಿ ಬರೆಯುತ್ತಿದ್ದಳು. ಮೊದಲ ಸಾಲು ಓದಲು ಹಾಲವ್ವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಓದಿ ಮುಗಿಸಿ ತಲೆಯೆತ್ತಿ, "ಅವ್ವಾ ಉಂಡಿ? ಅಂತ ಕೇಳ್ಯಾಳ" ಎಂದಳು. ಉಳಿದವರೆಲ್ಲರೂ ಒಂದೇ ಸಲ, ಉಂಡಾಳ ಅಂತ ಹೇಳು ಎಂದು ಕೂಗಿದರು. ಹಾಲವ್ವ ಗಟ್ಟಿಯಾಗಿ ಓದಿದ್ದು ಅದೊಂದನ್ನೇ. ಮರುದಿನದಿಂದ ಗೋಡೆಯ ಕಡೆ ಮುಖ ಮಾಡಿ ಕುಳಿತು, ತುಟಿಯಷ್ಟೇ ಆಡಿಸುತ್ತಿದ್ದಳು. ತಿಳಿಯದ ಅಕ್ಷರ ಬಂದರೆ ಫೋನು ನನಗೆ ತೋರಿಸುತ್ತಿರಲಿಲ್ಲ. ಆ ಒಂದು ಅಕ್ಷರವನ್ನಷ್ಟೇ ಪಾಟಿಯ ಮೇಲೆ ಬರೆದು ತಂದು, ಇದು ಯಾವುದು ಎಂದು ಕೇಳಿ, ಒರೆಸಿ, ಹೋಗಿ ಕೂರುತ್ತಿದ್ದಳು.

ಒಪ್ಪಿಕೊಳ್ಳುತ್ತೇನೆ, ಆ ಅಕ್ಷರಗಳನ್ನು ಕೂಡಿಸಿ ಮಾತು ಹೊಂದಿಸಲು ನಾನು ಪ್ರಯತ್ನ ಮಾಡಿದ್ದೇನೆ. ಸೋಮವಾರ ಠ, ಗುರುವಾರ ಕ್ಷ. ರಿಕ್ಷಾದಲ್ಲಿ ಇಚಲಕರಂಜಿಯ ತನಕ ಅವನ್ನೇ ಜೋಡಿಸುತ್ತ ಬರುತ್ತಿದ್ದೆ. ಏನೂ ಹೊಂದುತ್ತಿರಲಿಲ್ಲ.

ಹಾಲವ್ವನನ್ನು ನೋಡಿ ಉಳಿದವರಿಗೂ ತಮಗೆ ಬರೆಯುವವರು ಬೇಕೆನಿಸಿತು. ಅಣ್ಣ, ಅಕ್ಕ, ಮಗ, ಯಾರಾದರೊಬ್ಬರು ಎರಡು ಗಂಟೆಗೆ ಒಂದು ಸಾಲು ಕಳಿಸತೊಡಗಿದರು. ಸುಮನ ಗಂಡನಿಗೆ ಗಂಟುಬಿದ್ದು ಬರೆಸಿದಳು. ಬಾಬುರಾಯರ ಮೊದಲ ಪತ್ರ ಬಂತು, ಸಂಜೆ ಬರುವಾಗ ಹಸಿಮೆಣಸಿನಕಾಯಿ ತಾ. ಸುಮನಳಿಗೆ ಬಂದ ಸಿಟ್ಟು ಎಷ್ಟೆಂದರೆ, ಓದುವುದನ್ನು ಬಿಟ್ಟು ಹತ್ತೇ ದಿನದಲ್ಲಿ ಫೋನಿನ ಮೇಲೆ ಬರೆಯುವುದನ್ನು ಕಲಿತು ಉತ್ತರ ಕೊಟ್ಟಳು. ಏನು ಬರೆದಳೋ, ಬಾಬುರಾಯರು ಒಂದು ವಾರ ತಾವೇ ಸಂತೆ ಮಾಡಿದರು.

ಸರ್ ಫೋನು ಮಾಡಿ, ಸಾಕ್ಷರತೆಯ ಪರೀಕ್ಷೆಯ ದಿನ ಗೊತ್ತಾಗಿದೆ, ರವಿವಾರ, ಏಳಕ್ಕೆ ಏಳೂ ಮಂದಿ ಕೂರಬೇಕು ಎಂದರು. ಹಾಲವ್ವನ ಬಗ್ಗೆ ನನಗೆ ಚಿಂತೆ ಇರಲಿಲ್ಲ.

ಅದರ ಹಿಂದಿನ ಶುಕ್ರವಾರ ಎರಡೂ ಕಾಲರ ಸುಮಾರಿಗೆ ಹಾಲವ್ವನ ಫೋನು ಮಿನುಗಿತು.

ಆವತ್ತಿನ ಸಾಲು ಉದ್ದವಿತ್ತು ಎಂದು ಕಾಣುತ್ತದೆ. ಆಕೆ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಮೂರು ಸಲ ಸರಿಸಿದ್ದನ್ನು ನಾನು ನೋಡಿದೆ. ಎರಡು ಸಲ ಪಾಟಿ ತಂದಳು. ಒಂದು ಜೋಡಕ್ಷರ, ಇನ್ನೊಂದು ಳ. ಹೇಳಿದೆ. ಹೋಗಿ ಕುಳಿತಳು. ಪೂರ್ತಿ ಓದಿದ ಮೇಲೆ ಮತ್ತೆ ಮೊದಲಿನಿಂದ ಓದಿದಳು. ಆ ಮೇಲೆ ಫೋನನ್ನು ಬೋರಲು ಇಟ್ಟು, ಪಾಟಿ ಒರೆಸಿ, ಎದ್ದಳು.

"ಏನಂತ ಹಾಲಕ್ಕಾ, ಏನ ಬರದಾಳ?" ಎಂದು ಕೂಗಿದಳು ಸುಮನ.

"ನನಗ ಬರದಾಳವ್ವ," ಎಂದಳು ಹಾಲವ್ವ.

ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದವಳ ಹತ್ತಿರ ಹೋಗಿ ನಾನು ರವಿವಾರ ಪರೀಕ್ಷೆ ಎಂದು ನೆನಪು ಮಾಡಿದೆ. ಆಕೆಗೆ ಮೊದಲು ಕೇಳಿಸಲಿಲ್ಲ. ಕಿವಿಯ ಹತ್ತಿರ ಮತ್ತೊಮ್ಮೆ ಹೇಳಿದೆ.

"ಓದೂದಾತ್ರಿ ಅಕ್ಕಾರ," ಎಂದಳು. "ಈಗ ಹೋಗೂದೈತಿ."

ಮರುದಿನ ಮೊದಲ ಬಸ್ಸಿಗೆ ಗಡಹಿಂಗ್ಲಜಕ್ಕೆ ಹೋದಳು ಎಂದು ಸುಮನ ಹೇಳಿದಳು. ಯಾಕೆ ಎಂದು ಮೈದುನ ಕೇಳಿದ್ದಕ್ಕೆ ಮಗಳನ್ನು ನೋಡಿ ಬರುತ್ತೇನೆ ಎಂದಿದ್ದಳಂತೆ. ಆರಾಮ ಇದ್ದಾಳಲ್ಲ, ಈಗೇನು ಅವಸರ ಎಂದು ಶಾಂತವ್ವ ಅಂದಿದ್ದಳಂತೆ. ಫೋನು ಜೊತೆಗೇ ಒಯ್ದಿದ್ದಳು. ರವಿವಾರ ಆರು ಜನ ಪರೀಕ್ಷೆ ಬರೆದರು, ಆರೂ ಜನ ಪಾಸಾದರು. ನನ್ನ ವರದಿಯಲ್ಲಿ ಇವತ್ತಿಗೂ ಹಾಲವ್ವ ನಡುವೆ ಬಿಟ್ಟವಳು.

ಬುಧವಾರ ಎರಡು ಗಂಟೆಗೆ ಆಕೆ ತರಗತಿಗೆ ಬಂದಳು. ಹಿಂದೆ ರೇಣುಕಾ ಇದ್ದಳು, ಕೈಯಲ್ಲಿ ತನ್ನ ಬಟ್ಟೆಯೆಲ್ಲ ತುಂಬಿದ ಒಂದು ಚೀಲ. ಬಸ್ಸಿನಿಂದ ಇಳಿದು ಮನೆಗೂ ಹೋಗದೆ ಬಂದಿದ್ದರು. ಸುಮನ ಸರಿದು ಜಾಗ ಮಾಡಿದಳು. ಹಾಲವ್ವ ಪಾಟಿ ತೆಗೆದುಕೊಂಡು ಕುಳಿತಳು, ರೇಣುಕಾ ಗೋಡೆಗೆ ಒರಗಿ ಕುಳಿತಳು. ನಾನು ಆ ದಿನದ ಪಾಠ ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ರೇಣುಕಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಗೋಡೆಯಾಚೆ ಇಪ್ಪತ್ತನಾಲ್ಕು ಮಗ್ಗ ಬಡಿಯುತ್ತಿದ್ದವು, ಆಕೆಗೆ ಎಚ್ಚರವಾಗಲಿಲ್ಲ. ಮೂರು ಗಂಟೆಗೆ ಪಾಠ ಮುಗಿಯಿತು. ಕಾಂಡಿ ಸುತ್ತುವವರು ಒಂದು ನಿಮಿಷವೂ ತಡಮಾಡುವವರಲ್ಲ. ಆವತ್ತು ಮೂರೂವರೆಯವರೆಗೆ ಯಾರೂ ಏಳಲಿಲ್ಲ.